ಸಂಜೆ ಆರರೊಳಗೆ ಒಂದು ವೈಸ್

ಕಳೆದ ರಾಜ್ಯೋತ್ಸವಕ್ಕೆ ವೇದಿಕೆ ಮುಂದೆ ಇಡೋಕೆ ಮರದಲ್ಲಿ ದೊಡ್ಡದೊಂದು ಕ ಅಕ್ಷರ ಕೆತ್ತಿಕೊಡ್ತೀನಿ ಅಂತ ಕ್ಲಬ್ ಮೀಟಿಂಗಲ್ಲಿ ಬಾಯಿ ಬಿಟ್ಟವನು ನಾನೇ. ಹಲಸಿನ ಹಲಗೆ ಸಿಕ್ಕಿತು, ಉಳಿ ಸಿಕ್ಕಿತು, ವಿಡಿಯೋಗಳಂತೂ ಬೇಕಾದಷ್ಟು ಸಿಕ್ಕವು. ಕಾರ್ಪೆಂಟ್ರಿ ಸೆಕ್ಷನ್ನಿನಲ್ಲಿ ಜೂನಿಯರ್‌ಗಳ ಲ್ಯಾಬ್ ನಡೀತಿತ್ತು. ಹಾಗಾಗಿ ಪಕ್ಕದ ಫಿಟ್ಟಿಂಗ್ ಸೆಕ್ಷನ್ನಿನ ವೈಸ್‌ಗೆ ಹಲಗೆ ಕಚ್ಚಿಸಿದೆ. ಬಿಗಿಯಾಗಿ ತಿರುಗಿಸಿದರೆ ಉಕ್ಕಿನ ಹಲ್ಲುಗಳು ಮರದ ಮೇಲೆ ಅಚ್ಚೊತ್ತಿಬಿಟ್ಟವು. ಅಯ್ಯೋ ಅಂತ ಸ್ವಲ್ಪ ಸಡಿಲ ಮಾಡಿದೆ. ಎರಡನೇ ಏಟಿಗೆ ಹಲಗೆ ತಿರುಗಿತು, ಉಳಿ ಜಾರಿ ಎಡ ಅಂಗೈಗೆ ಬಂತು. ಮೂರು ಹೊಲಿಗೆ.

ಕೈಗೆ ಬಟ್ಟೆ ಸುತ್ತುತ್ತಾ ವರ್ಕ್‌ಶಾಪಿನ ಹಿರಿಯ ಇನ್‌ಸ್ಟ್ರಕ್ಟರ್ ಒಬ್ಬರು ಬೈಯಲಿಲ್ಲ, ಪಾಠ ಮಾಡಿದರು. ಮರ ಹಿಡಿಯುವಾಗ ದವಡೆ ಎರಡಕ್ಕೂ ಮರದ ಪಟ್ಟಿ ಅಥವಾ ಚರ್ಮದ ಒಳಪದರ ಇರಬೇಕು. ದವಡೆಯ ಮೇಲಂಚು ಮೊಣಕೈ ಮಟ್ಟಕ್ಕೆ ಬರಬೇಕು, ಕೊಡತಿಯ ಏಟು ಹಾಕೋದಾದರೆ ಇನ್ನೊಂದಿಷ್ಟು ಕೆಳಗೆ. ಕೆತ್ತುವ ಜಾಗ ದವಡೆಗೆ ಆದಷ್ಟು ಹತ್ತಿರ ಇರಬೇಕು, ಮೇಲೆ ಚಾಚಿಕೊಂಡಷ್ಟೂ ಅದುರುತ್ತೆ. ತುಂಡನ್ನು ದವಡೆಯ ಒಂದೇ ತುದಿಗೆ ಕಚ್ಚಿಸಿದರೆ ದವಡೆ ಓರೆಯಾಗುತ್ತೆ, ಆಗ ಇನ್ನೊಂದು ತುದಿಗೂ ಅಷ್ಟೇ ದಪ್ಪದ ತುಂಡು ತುರುಕಬೇಕು. ಎಲ್ಲಕ್ಕಿಂತ ಮುಖ್ಯ, ಎರಡೂ ಕೈ ಉಳಿಯ ಬಾಯಿಯ ಹಿಂದೆ ಇರಬೇಕು. ವೈಸ್ ಇರೋದೇ ಎಡಗೈಯನ್ನ ಬಿಡುಗಡೆ ಮಾಡೋಕೆ. ಇದನ್ನೆಲ್ಲ ಹೇಳಿ ಮುಗಿಸಿ ಕೊನೆಗೆ ಹೆನ್ರಿ ಮಾಡ್ಸ್ಲಿಯ ಬಗ್ಗೆ ಓದಿದ್ದೀಯಾ ಅಂತ ಕೇಳಿದರು. ಲೇತ್ ಪಾಠದಲ್ಲಿ ಒಂದು ಸಾಲು ಬರುತ್ತಲ್ಲ, ಅಷ್ಟೇ ಗೊತ್ತಿತ್ತು. ಕೈ ವಾಸಿಯಾಗುವ ತನಕ ಬೇರೆ ಕೆಲಸ ಇರಲಿಲ್ಲ, ಓದಿದೆ.

ಮಾಡ್ಸ್ಲಿ ಹುಟ್ಟಿದ್ದು 1771ರ ಆಗಸ್ಟ್ 22ರಂದು, ಲಂಡನ್ ಪಕ್ಕದ ವುಲಿಚ್‌ನಲ್ಲಿ. ಬ್ರಿಟಿಷ್ ಸೈನ್ಯಕ್ಕೆ ಬೇಕಾದ ತೋಪು, ಮದ್ದುಗುಂಡು ಎಲ್ಲಾ ತಯಾರಾಗುತ್ತಿದ್ದ ದೊಡ್ಡ ಶಸ್ತ್ರಾಗಾರ ಇದ್ದ ಊರು ಅದು. ಅಪ್ಪ ಸೈನ್ಯದಲ್ಲಿ ಗಾಡಿ ಚಕ್ರ ಮಾಡುವ ಕೆಲಸದಲ್ಲಿದ್ದವನು, ಗಾಯವಾದ ಮೇಲೆ ಅದೇ ಶಸ್ತ್ರಾಗಾರದಲ್ಲಿ ಉಗ್ರಾಣ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ. ಏಳು ಮಕ್ಕಳಲ್ಲಿ ಹೆನ್ರಿ ಐದನೆಯವನು. ಹುಡುಗನಿಗೆ ಒಂಬತ್ತು ವರ್ಷ ಆಗುವಷ್ಟರಲ್ಲಿ ಅಪ್ಪ ತೀರಿಕೊಂಡ. ಹನ್ನೆರಡನೇ ವಯಸ್ಸಿಗೆ ಹೆನ್ರಿ ತೋಟಾಗಳಿಗೆ ಮದ್ದು ತುಂಬುವ ಹುಡುಗರ ಗುಂಪಿಗೆ ಸೇರಿದ. ನಾವು ಆ ವಯಸ್ಸಲ್ಲಿ ಏಳನೇ ಕ್ಲಾಸು.

ಎರಡು ವರ್ಷ ಮದ್ದು ತುಂಬಿದ ಮೇಲೆ ಅವನನ್ನ ಬಡಗಿಗಳ ವಿಭಾಗಕ್ಕೆ ಹಾಕಿದರು. ಅಂದರೆ ಮೊದಲು ಅವನ ಕೈ ಪಳಗಿದ್ದು ಮರದ ಮೇಲೆ. ಆದರೆ ಮನಸ್ಸು ಅಲ್ಲಿರಲಿಲ್ಲ, ಸಮಯ ಸಿಕ್ಕಾಗಲೆಲ್ಲ ಪಕ್ಕದ ಕುಲುಮೆಗೆ ನುಸುಳುತ್ತಿದ್ದನಂತೆ. ಹದಿನೈದಕ್ಕೆ ಕಮ್ಮಾರಿಕೆಗೇ ವರ್ಗವಾಯಿತು. ಭಾರೀ ಸುತ್ತಿಗೆ ಬಡಿಯುವುದಕ್ಕಿಂತ ಸಣ್ಣ, ನಾಜೂಕಿನ ಕಬ್ಬಿಣದ ಕೆಲಸದಲ್ಲಿ ಅವನದು ಎತ್ತಿದ ಕೈ. ಅಲ್ಲಿನ ಕೆಲಸಗಾರರು ಮೇಲಿನವರ ಕಣ್ಣು ತಪ್ಪಿಸಿ ಪಾತ್ರೆ ಇಡುವ ಮುಕ್ಕಾಲಿಗಳನ್ನ ಮಾಡಿಕೊಳ್ಳುತ್ತಿದ್ದರಂತೆ, ಅದರಲ್ಲೂ ಇವನನ್ನ ಮೀರಿಸುವವರಿರಲಿಲ್ಲ.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಜೋಸೆಫ್ ಬ್ರಾಮಾ ಎಂಬ ಸಂಶೋಧಕ ಒಂದು ಹೊಸ ಬೀಗಕ್ಕೆ ಪೇಟೆಂಟ್ ತೆಗೆದುಕೊಂಡಿದ್ದ, 1784ರಲ್ಲಿ. ಕಳ್ಳಕೀಲಿಗೆ ಬಗ್ಗದ ಬೀಗ. ಕಾಗದದ ಮೇಲೆ ಚೆನ್ನಾಗಿತ್ತು, ಆದರೆ ಅಷ್ಟು ಸೂಕ್ಷ್ಮದ ಭಾಗಗಳನ್ನ ಅಗ್ಗವಾಗಿ, ಒಂದೇ ಸಮನೆ ಮಾಡಿಕೊಡುವವರು ಸಿಗುತ್ತಿರಲಿಲ್ಲ. ವುಲಿಚ್‌ನಲ್ಲಿ ಒಬ್ಬ ಹುಡುಗ ಇದ್ದಾನೆ ಅಂತ ಯಾರೋ ಹೇಳಿದರು, ಬ್ರಾಮಾ ಕರೆಸಿದ. ಬಂದವನು ಆರಡಿ ಮೀರಿದ ಎತ್ತರದ ಹುಡುಗ, ವಯಸ್ಸು ಹದಿನೆಂಟು. ಬ್ರಾಮಾನಿಗೆ ಅನುಮಾನ ಬಂತು. ಆ ಕಾಲದ ಲಂಡನ್ನಿನಲ್ಲಿ ಏಳು ವರ್ಷ ಗುರುವಿನ ಕೈಕೆಳಗೆ ದುಡಿದ ದಾಖಲೆ ಇಲ್ಲದವನನ್ನ ಪಳಗಿದ ಕೆಲಸಗಾರರು ತಮ್ಮ ಪಕ್ಕ ನಿಲ್ಲೋಕೆ ಬಿಡುತ್ತಿರಲಿಲ್ಲ. ಮಾಡ್ಸ್ಲಿಯ ಹತ್ತಿರ ಆ ದಾಖಲೆ ಇರಲಿಲ್ಲ. ಈಗಿನ ಮಾತಲ್ಲಿ ಹೇಳೋದಾದರೆ ರೆಸ್ಯೂಮೆ ಶಾರ್ಟ್‌ಲಿಸ್ಟ್ ಆಗಲಿಲ್ಲ.

ಮುಂದೆ ನಡೆದದ್ದನ್ನ ಸ್ಯಾಮ್ಯುಯೆಲ್ ಸ್ಮೈಲ್ಸ್ ಎಂಬ ಲೇಖಕ 1863ರ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಅಲ್ಲೇ ಬೆಂಚಿಗೆ ಕಚ್ಚಿಕೊಂಡು ಒಂದು ಹಳೆಯ ವೈಸ್ ನಿಂತಿತ್ತು. ಹಲ್ಲೆಲ್ಲ ಸವೆದು ಏನನ್ನೂ ಹಿಡಿಯಲಾರದ ಸ್ಥಿತಿ. ಇದನ್ನ ಸಂಜೆ ಆರರೊಳಗೆ ಹೊಸದರ ಹಾಗೆ ಮಾಡಿಕೊಟ್ಟರೆ ಸೇರಿಸಿಕೊಳ್ಳುತ್ತೀರಾ ಅಂತ ಮಾಡ್ಸ್ಲಿ ಕೇಳಿದ. ಆಗಲಿ ಅಂದರು. ಹುಡುಗ ಕೋಟು ಬಿಚ್ಚಿದ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಏನು ಮಹಾ, ವೈಸ್ ರಿಪೇರಿ ತಾನೇ ಅಂತ ನನಗೂ ಅನ್ನಿಸಿತ್ತು. ನಮ್ಮ ಲ್ಯಾಬಿನ ಎರಕದ ವೈಸ್‌ಗಳಲ್ಲಿ ದವಡೆಯ ಪಟ್ಟಿ ಸವೆದರೆ ಎರಡು ಸ್ಕ್ರೂ ಬಿಚ್ಚಿ ಹೊಸದು ಹಾಕಿದರೆ ಮುಗೀತು. ಆಗಿನದು ಹಾಗಲ್ಲ. ಕುಲುಮೆಯಲ್ಲಿ ಬಡಿದು ಮಾಡಿದ ವೈಸ್ ಅದು. ಅಂಥ ವೈಸ್‌ಗೆ ಒಂದು ಉದ್ದ ಕಾಲು ನೆಲದವರೆಗೂ ಇಳಿದಿರುತ್ತೆ, ಸುತ್ತಿಗೆ ಏಟಿನ ಭಾರ ಬೆಂಚಿಗಲ್ಲ, ನೆಲಕ್ಕೇ ಹೋಗಲಿ ಅಂತ. ಮೈಯೆಲ್ಲ ಮೆದು ಕಬ್ಬಿಣ, ದವಡೆಯ ಮುಖಕ್ಕೆ ಮಾತ್ರ ಉಕ್ಕು. ಆ ಉಕ್ಕು ಸವೆದರೆ ಹೊಸ ಉಕ್ಕನ್ನ ಚೆನ್ನಾಗಿ ಕಾಸಿ, ಬಡಿದು ಕಬ್ಬಿಣಕ್ಕೆ ಬೆಸೆಯಬೇಕು. ಆಮೇಲೆ ಅರದಿಂದ ಉಜ್ಜಿ ಎರಡೂ ಮುಖ ಸಮನಾಗಿ ಕೂಡುವ ಹಾಗೆ ಮಾಡಬೇಕು, ಯಂತ್ರ ಇಲ್ಲ, ಬರೀ ಕೈ ಮತ್ತು ಕಣ್ಣು. ನಂತರ ಚಾಣದಿಂದ ಒಂದೊಂದೇ ಹಲ್ಲು ಕಡಿಯಬೇಕು. ಇದೆಲ್ಲ ಉಕ್ಕು ಮೆದುವಾಗಿರುವಾಗಲೇ ಆಗಬೇಕು, ಕೊನೆಗೆ ಕಾಸಿ ನೀರಿಗದ್ದಿ ಗಟ್ಟಿ ಮಾಡಿದ ಮೇಲೆ ಅರ ನಾಟಲ್ಲ. ಹೆಚ್ಚು ಗಟ್ಟಿಯಾದರೆ ಹಲ್ಲು ಉದುರುತ್ತೆ, ಕಡಿಮೆಯಾದರೆ ತಿಂಗಳಲ್ಲಿ ಮತ್ತೆ ಸವೆಯುತ್ತೆ. ಬೆಸುಗೆ, ಅರ, ಚಾಣ, ಹದ, ನಾಲ್ಕೂ ವಿದ್ಯೆ ಒಂದೇ ಮಧ್ಯಾಹ್ನದಲ್ಲಿ ಪರೀಕ್ಷೆಗೆ ಬಂದವು. ನಮ್ಮ ಯಾವ ಪ್ಲೇಸ್‌ಮೆಂಟ್ ಟೆಸ್ಟ್ ಕೂಡ ಇಷ್ಟು ಪ್ರಾಮಾಣಿಕವಾಗಿಲ್ಲ ಬಿಡಿ.

ಆರು ಗಂಟೆಗೆ ಮುಂಚೆಯೇ ವೈಸ್ ಸಿದ್ಧವಾಗಿತ್ತು. ಪಕ್ಕದ ಹಳೆಯ ವೈಸ್‌ಗಳು ಅದರ ಮುಂದೆ ಮಂಕಾಗಿ ಕಂಡವಂತೆ. ಕೆಲಸ ಸಿಕ್ಕಿತು, ಕೆಲಸಗಾರರೂ ಮರುಮಾತಾಡಲಿಲ್ಲ.

ಬ್ರಾಮಾ 1790ರಲ್ಲಿ ತನ್ನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗ ಇಟ್ಟು, ಕೀಲಿ ಇಲ್ಲದೆ ಇದನ್ನ ತೆಗೆದವರಿಗೆ 200 ಗಿನಿ ಬಹುಮಾನ ಅಂತ ಸವಾಲು ಹಾಕಿದ. ಬೀಗ ಮಾಡಿದ ಕೈ ಮಾಡ್ಸ್ಲಿಯದು. 1851ರಲ್ಲಿ ಆಲ್ಫ್ರೆಡ್ ಹಾಬ್ಸ್ ಎಂಬ ಅಮೆರಿಕನ್ ಅದನ್ನ ತೆರೆದ, 16 ದಿನಗಳಲ್ಲಿ ಒಟ್ಟು 51 ಗಂಟೆ ಕೂತು. ಆ ಹೊತ್ತಿಗೆ ಮಾಡ್ಸ್ಲಿ ಸತ್ತು 20 ವರ್ಷ ಆಗಿತ್ತು.

ಆದರೆ ಬೀಗಕ್ಕಿಂತ ದೊಡ್ಡ ವಿಷಯ ಬೀಗ ಮಾಡುವ ಉಪಕರಣಗಳದ್ದು. ಒಂದು ಒಳ್ಳೆಯ ಬೀಗವನ್ನ ನಿಪುಣನೊಬ್ಬ ಹೇಗೋ ಮಾಡಿಬಿಡಬಹುದು, ನೂರು ಬೀಗ ಒಂದೇ ಸಮನೆ ಬರಬೇಕಲ್ಲ? ಆಗಿನ ಲೇತ್‌ನಲ್ಲಿ ತುಂಡು ತಿರುಗುತ್ತಿತ್ತು, ಉಳಿಯನ್ನ ಮನುಷ್ಯ ಕೈಯಲ್ಲೇ ಒತ್ತಿ ಹಿಡಿಯಬೇಕಿತ್ತು. ಮರ ಆದರೆ ಸರಿ, ಕಬ್ಬಿಣದ ಮುಂದೆ ಕೈ ನಡುಗುತ್ತೆ, ದಣಿಯುತ್ತೆ. ಮಾಡ್ಸ್ಲಿ ಉಳಿಯನ್ನೇ ಒಂದು ಗಟ್ಟಿ ಕಬ್ಬಿಣದ ಹಿಡಿಕೆಯಲ್ಲಿ ಕಚ್ಚಿಸಿ, ಆ ಹಿಡಿಕೆ ನೇರ ಹಳಿಯ ಮೇಲೆ ಸ್ಕ್ರೂ ತಿರುಗಿಸಿದಷ್ಟೇ ಸರಿಯುವ ಹಾಗೆ ಮಾಡಿದ. ಅದೇ ಸ್ಲೈಡ್ ರೆಸ್ಟ್. ಇದನ್ನ ಮೊದಲು ಕಂಡುಹಿಡಿದವನೇ ಅವನು ಅಂತ ಕೆಲವು ಕಡೆ ಬರೆದಿರುತ್ತಾರೆ, ಅದು ಪೂರ್ತಿ ನಿಜ ಅಲ್ಲ, ಫ್ರಾನ್ಸಿನಲ್ಲಿ ಅಂಥದ್ದು ಮೊದಲೇ ಇತ್ತು. ಆದರೆ ಅದನ್ನ ಗಟ್ಟಿಮುಟ್ಟಾಗಿ ಮಾಡಿ ದಿನನಿತ್ಯದ ಕೆಲಸಕ್ಕೆ ಒಗ್ಗಿಸಿದ್ದು ಇವನು. ನನಗೆ ಕಾಣೋ ಪ್ರಕಾರ ಸ್ಲೈಡ್ ರೆಸ್ಟ್ ಅನ್ನೋದು ಉಳಿಗೆ ಹಾಕಿದ ವೈಸ್. ತುಂಡನ್ನ ಹಿಡಿಯೋದು ಎಲ್ಲರಿಗೂ ಗೊತ್ತಿತ್ತು, ಉಳಿಯನ್ನೂ ಹಾಗೇ ಹಿಡಿಯಬೇಕು ಅನ್ನೋದು ಅವನ ಹಟ.

ಈ ಮಧ್ಯೆ 1791ರಲ್ಲಿ ಬ್ರಾಮಾನ ಮನೆಗೆಲಸದಲ್ಲಿದ್ದ ಸಾರಾಳನ್ನ ಮದುವೆಯಾದ. ನಾಲ್ಕು ಗಂಡುಮಕ್ಕಳಾದರು. ಸಂಬಳ ವಾರಕ್ಕೆ 30 ಶಿಲಿಂಗ್. ಇಡೀ ಕಾರ್ಖಾನೆಯ ಉಸ್ತುವಾರಿ ನೋಡುತ್ತಿದ್ದವನು 1797ರಲ್ಲಿ ಸ್ವಲ್ಪ ಹೆಚ್ಚಿಸಿ ಅಂತ ಕೇಳಿದ. ಬ್ರಾಮಾ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅಂದ. ಮಾಡ್ಸ್ಲಿ ಅಲ್ಲಿಂದ ಹೊರಟು ಆಕ್ಸ್‌ಫರ್ಡ್ ಸ್ಟ್ರೀಟ್ ಹತ್ತಿರದ ಒಂದು ಬೀದಿಯಲ್ಲಿ ಸಣ್ಣ ಮಳಿಗೆ ಹಿಡಿದ. ಮೊದಲು ಬಂದ ಗಿರಾಕಿ ಒಬ್ಬ ಚಿತ್ರಕಾರ, ಕ್ಯಾನ್ವಾಸ್ ನಿಲ್ಲಿಸಲು ಕಬ್ಬಿಣದ ಚೌಕಟ್ಟು ಬೇಕಾಗಿತ್ತು. ಅದೂ ಹಿಡಿದು ನಿಲ್ಲಿಸುವ ಕೆಲಸವೇ, ನೋಡಿ.

ಸ್ವಂತ ಮಳಿಗೆಯಲ್ಲಿ ಅವನು ಕೈ ಹಾಕಿದ್ದು ಸ್ಕ್ರೂಗೆ. ವೈಸ್‌ನ ಜೀವ ಇರೋದೇ ಸ್ಕ್ರೂನಲ್ಲಿ. ಆಗಿನ ಕಾಲದಲ್ಲಿ ಒಂದು ಬೋಲ್ಟಿನ ನಟ್ ಇನ್ನೊಂದು ಬೋಲ್ಟಿಗೆ ಕೂರುತ್ತಿರಲಿಲ್ಲ. ಯಂತ್ರ ಬಿಚ್ಚಿದಾಗ ಯಾವುದರ ಜೋಡಿ ಯಾವುದು ಅಂತ ಗುರುತು ಹಾಕಿಡಬೇಕಿತ್ತು, ತಪ್ಪಿದರೆ ದಿನಗಟ್ಟಲೆ ಗೋಳು. ನಿಖರವಾದ ಸ್ಕ್ರೂ ಕಡಿಯೋಕೆ ಲೇತ್‌ನಲ್ಲಿ ಮೊದಲೇ ಒಂದು ನಿಖರವಾದ ಸ್ಕ್ರೂ ಬೇಕು. ಆ ಮೊದಲನೆಯದು ಎಲ್ಲಿಂದ ಬರಬೇಕು? ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನೋ ಸಮಸ್ಯೆ. ಮಾಡ್ಸ್ಲಿ ಇದಕ್ಕೆ ಕಂಡುಕೊಂಡ ದಾರಿಗಳಲ್ಲಿ ಒಂದು ಬಹಳ ಸರಳ. ಮರದ ಅಥವಾ ಮೆದು ಲೋಹದ ದುಂಡನೆಯ ಸರಳು ತಿರುಗುತ್ತಿರುವಾಗ ಅದಕ್ಕೆ ಓರೆಯಾಗಿ ಒಂದು ಬಾಗಿದ ಅಲಗನ್ನ ಒತ್ತೋದು. ಅಲಗಿನ ಓರೆಗೆ ತಕ್ಕಂತೆ ಸರಳು ತಾನಾಗೇ ಮುಂದೆ ಸರಿಯುತ್ತೆ, ಮೈಮೇಲೆ ಸುರುಳಿ ಗೆರೆ ಮೂಡುತ್ತೆ. ಕೋನ ಬದಲಿಸಿದರೆ ಪಿಚ್ ಬದಲು. ಹಾಗೆ ಸಿಕ್ಕ ಗೆರೆಯನ್ನ ಆಧಾರ ಮಾಡಿಕೊಂಡು, ತಪ್ಪುಗಳನ್ನ ತಿದ್ದುತ್ತಾ ತಿದ್ದುತ್ತಾ ಉಕ್ಕಿನ ಸ್ಕ್ರೂಗೆ ಬಂದ. 1800ರ ಆಸುಪಾಸಿನ ಅವನ ಲೇತ್‌ನಲ್ಲಿ ಲೀಡ್ ಸ್ಕ್ರೂ, ಸ್ಲೈಡ್ ರೆಸ್ಟ್, ಗೇರ್ ಬದಲಿಸುವ ವ್ಯವಸ್ಥೆ ಮೂರೂ ಒಟ್ಟಿಗೆ ಇದ್ದವು. ಮುಂದೆ ಅವನು 5 ಅಡಿ ಉದ್ದ, 2 ಇಂಚು ದಪ್ಪ, ಇಂಚಿಗೆ 50 ಎಳೆ ಇರುವ ಸ್ಕ್ರೂ ಒಂದನ್ನ ಮಾಡಿದ. ಅದರ ನಟ್ ಒಂದೇ 12 ಇಂಚು, ಒಳಗೆ 600 ಎಳೆ. ಖಗೋಳ ಉಪಕರಣಗಳ ಅಳತೆಪಟ್ಟಿಗೆ ಗೆರೆ ಹಾಕುವಂಥ ಕೆಲಸಕ್ಕೆ ಅದು.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಹಾಯಿಹಡಗಿನ ಹಗ್ಗ ಎಳೆಯೋಕೆ ಮರದ ರಾಟೆಗಳು ಬೇಕು. 74 ತೋಪುಗಳ ಒಂದು ಯುದ್ಧನೌಕೆಗೆ ಸುಮಾರು ಒಂದು ಸಾವಿರ, ಬ್ರಿಟಿಷ್ ನೌಕಾಪಡೆಗೆ ವರ್ಷಕ್ಕೆ ಒಂದು ಲಕ್ಷ. ಎಲ್ಲಾ ಕೈಯಲ್ಲೇ ಕೆತ್ತಬೇಕು. ಎದುರಿಗೆ ನೆಪೋಲಿಯನ್ ಕಾಲದ ಯುದ್ಧ. ಫ್ರಾನ್ಸಿನಿಂದ ಓಡಿಬಂದಿದ್ದ ಮಾರ್ಕ್ ಬ್ರುನೆಲ್ ಎಂಬ ಎಂಜಿನಿಯರ್ ರಾಟೆ ಮಾಡುವ ಯಂತ್ರಗಳ ನಕ್ಷೆ ಹಿಡಿದುಕೊಂಡು ಮಾಡ್ಸ್ಲಿಯ ಹತ್ತಿರ ಬಂದ. ಮೊದಮೊದಲು ಏನಕ್ಕೆ ಅಂತ ಬಾಯಿ ಬಿಡಲಿಲ್ಲವಂತೆ. ಕೆಲವು ನಕ್ಷೆ ನೋಡಿದ ಮೇಲೆ ಮಾಡ್ಸ್ಲಿಯೇ ಇದು ರಾಟೆಯ ಯಂತ್ರ ಅಂತ ಊಹಿಸಿಬಿಟ್ಟ. 1802ರಿಂದ 1808ರವರೆಗೆ ಸುಮಾರು ಆರು ವರ್ಷ ದುಡಿದು 45 ಯಂತ್ರಗಳನ್ನ ಮಾಡಿಕೊಟ್ಟ. ಪೋರ್ಟ್ಸ್‌ಮತ್ ಬಂದರಿನಲ್ಲಿ ಅವು ನಿಂತವು. ಮರದ ಚೌಕಟ್ಟಲ್ಲ, ಪೂರ್ತಿ ಲೋಹದವು.

ಎಲ್ಮ್ ಮರದ ದಿಮ್ಮಿಯನ್ನ ಗರಗಸ ತುಂಡು ಮಾಡುತ್ತೆ. ತುಂಡು ಮೊದಲು ಹೋಗೋದು ತೂತು ಕೊರೆಯುವ ಯಂತ್ರಕ್ಕೆ. ಅಲ್ಲಿ ಅದನ್ನ ಕಚ್ಚಿ ಹಿಡಿಯುವ ಹಿಡಿಕೆ ಬಿಗಿಯಾಗುವಾಗ ಮರದ ಮೇಲೆ ಬೇಕೆಂದೇ ಗುರುತು ಒತ್ತುತ್ತೆ. ಹೌದು, ನನ್ನ ಹಲಗೆಯ ಮೇಲೆ ಬಿದ್ದಂಥದ್ದೇ ಅಚ್ಚು, ಆದರೆ ಲೆಕ್ಕ ಹಾಕಿ ಒತ್ತಿದ್ದು. ಮುಂದಿನ ಯಂತ್ರಗಳು ಆ ತುಂಡನ್ನ ಅದೇ ಗುರುತಿನಲ್ಲೇ ಹಿಡಿಯುತ್ತವೆ. ಹಾಗಾಗಿ ಪ್ರತಿ ಯಂತ್ರದ ಮುಂದೆ ಹೊಸದಾಗಿ ಅಳೆದು ಗೆರೆ ಎಳೆಯುವ ಪ್ರಶ್ನೆಯೇ ಇಲ್ಲ. ಒಂದು ಯಂತ್ರದ ಉಳಿ ಮೇಲೆ ಕೆಳಗೆ ಆಡುತ್ತಾ ರಾಟೆಯ ಗಾಲಿ ಕೂರುವ ಸಂದು ಕಡಿಯುತ್ತೆ. ಇನ್ನೊಂದರ ಗರಗಸ ಮೂಲೆ ಹಾರಿಸುತ್ತೆ. ಆಮೇಲೆ ಒಂದು ದೊಡ್ಡ ಚಕ್ರದ ಅಂಚಿನಲ್ಲಿ ಹತ್ತು ತುಂಡುಗಳನ್ನ ಸುತ್ತಲೂ ಬಿಗಿದು ತಿರುಗಿಸಿದರೆ ಎದುರಿನ ಉಳಿ ಬಾಗಿದ ದಾರಿಯಲ್ಲಿ ಸಾಗಿ ಹತ್ತರ ಬೆನ್ನನ್ನೂ ಒಂದೇ ಉಸಿರಿಗೆ ಕೆತ್ತುತ್ತೆ. ನಂತರ ಹತ್ತೂ ತುಂಡು ಕಾಲು ಸುತ್ತು ಮಗ್ಗುಲು ಬದಲಿಸಿ ಇನ್ನೊಂದು ಮುಖ ಒಡ್ಡುತ್ತವೆ. ಜಿಗ್ಸ್ ಆ್ಯಂಡ್ ಫಿಕ್ಸ್‌ಚರ್ಸ್ ಅಂತ ನಾವು ಬಾಯಿಪಾಠ ಮಾಡುವ ಅಧ್ಯಾಯ ಇದೆಯಲ್ಲ, ಅದರ ಲೊಕೇಟಿಂಗ್ ಪಾಯಿಂಟ್ ಅನ್ನೋ ವಿಚಾರ ಆ ಎಲ್ಮ್ ತುಂಡಿನ ಮೇಲಿನ ಗುರುತಿನಲ್ಲಿ ಆಗಲೇ ಇತ್ತು.

1808ರಲ್ಲಿ ಅಲ್ಲಿಂದ 1,30,000 ರಾಟೆ ಹೊರಬಂದವು. ಮೊದಲು 110 ನುರಿತವರು ಮಾಡುತ್ತಿದ್ದ ಕೆಲಸಕ್ಕೆ ಈಗ ಕಸುಬು ಗೊತ್ತಿಲ್ಲದ 10 ಜನ ಸಾಕಾಯಿತು. ಈ ಸಾಲನ್ನ ಎಲ್ಲರೂ ಹೆಮ್ಮೆಯಿಂದ ಬರೆಯುತ್ತಾರೆ. ನನಗೆ ಮಾತ್ರ ಆ 110 ಜನರ ಕಡೆಯೇ ಮನಸ್ಸು ಹೋಗುತ್ತೆ. ಒಂದು ಮಧ್ಯಾಹ್ನದ ಕೈಚಳಕದಿಂದಲೇ ಬಾಗಿಲು ತೆರೆಸಿಕೊಂಡವನು, ಕೈಚಳಕವೇ ಬೇಡದ ಕಾರ್ಖಾನೆ ಕಟ್ಟಿಕೊಟ್ಟ. ಅವನಿಗೆ ಇದು ಚುಚ್ಚಿತೋ ಇಲ್ಲವೋ, ನನಗಂತೂ ಓದುವಾಗ ಚುಚ್ಚಿತು. ನಾವು ಕಲಿಯುತ್ತಿರುವ ಕೋಡಿಂಗ್ ಕಥೆಯೂ ಈಗ ಅಲ್ಲಿಗೇ ಬಂದು ನಿಂತಿದೆ ಅಂತ ಹಾಸ್ಟೆಲ್‌ನಲ್ಲಿ ದಿನಾ ರಾತ್ರಿ ಚರ್ಚೆ ನಡೆಯುತ್ತಲ್ಲ.

ಆದರೆ ಅವನ ಸ್ವಂತ ಕಾರ್ಖಾನೆಯ ಒಳಗೆ ಕೈಯ ಬೆಲೆ ಇಳಿದಿರಲಿಲ್ಲ. 1810ರಲ್ಲಿ ಲ್ಯಾಂಬೆತ್‌ಗೆ ದೊಡ್ಡದಾಗಿ ಸ್ಥಳಾಂತರಿಸಿದ. ಹಡಗಿನ ಉಗಿ ಎಂಜಿನ್ನುಗಳು, ಥೇಮ್ಸ್ ನದಿಯ ಕೆಳಗಿನ ಸುರಂಗಕ್ಕೆ ಬ್ರುನೆಲ್ ಬಳಸಿದ ಕಬ್ಬಿಣದ ಕವಚ, ಎಲ್ಲಾ ಅಲ್ಲಿಂದ ಹೋದವು. ಕೆಲಸಗಾರರ ಬೆಂಚುಗಳ ಮೇಲೆ ಅಪ್ಪಟ ಸಮತಟ್ಟಾದ ಲೋಹದ ಫಲಕಗಳನ್ನ ಇಡಿಸಿದ್ದ, ಅರ ಹಾಕಿದ ತುಂಡನ್ನ ಆಗಾಗ ಅದರ ಮೇಲಿಟ್ಟು ಉಬ್ಬುತಗ್ಗು ನೋಡಿಕೊಳ್ಳಲಿ ಅಂತ. ಅಳತೆಯ ಜಗಳ ಬಂದರೆ ತೀರ್ಪು ಕೊಡೋಕೆ ಒಂದು ಮೈಕ್ರೋಮೀಟರ್ ಮಾಡಿಕೊಂಡಿದ್ದ, ಇಂಚಿನ ಹತ್ತು ಸಾವಿರದಲ್ಲಿ ಒಂದು ಭಾಗದವರೆಗೂ ತೋರಿಸುವಂಥದ್ದು. ಅದಕ್ಕೆ ಲಾರ್ಡ್ ಚಾನ್ಸಲರ್ ಅಂತ ಹೆಸರು, ಆಗ ದೇಶದ ಅತಿ ದೊಡ್ಡ ನ್ಯಾಯಾಧೀಶನ ಪದವಿ ಅದಾಗಿತ್ತು. ಯಜಮಾನನಾದ ಮೇಲೂ ಅವನೇ ವೈಸ್ ಮುಂದೆ ನಿಂತು ಅರ ಹಿಡಿಯುತ್ತಿದ್ದ. ಹದಿನೆಂಟು ಇಂಚಿನ ಅರ ಅವನ ಕೈಯಲ್ಲಿ ನಡೆಯುವುದನ್ನ ಅವನ ಹಳೆಯ ಕೆಲಸಗಾರರು ವಯಸ್ಸಾದ ಮೇಲೂ ನೆನೆಸಿಕೊಳ್ಳುತ್ತಿದ್ದರಂತೆ.

ಆ ಕಾರ್ಖಾನೆಯಲ್ಲಿ ಪಳಗಿ ಹೊರಬಂದವರ ಪಟ್ಟಿ ನೋಡಿದರೆ ನಮ್ಮ ಸಿಲಬಸ್ಸಿನ ಅರ್ಧ ಹೆಸರುಗಳು ಸಿಗುತ್ತವೆ. ರಿಚರ್ಡ್ ರಾಬರ್ಟ್ಸ್, ಜೋಸೆಫ್ ಕ್ಲೆಮೆಂಟ್, 1841ರಲ್ಲಿ ಸ್ಕ್ರೂ ಎಳೆಗಳಿಗೆ ಇಡೀ ದೇಶಕ್ಕೊಂದೇ ಅಳತೆ ಸೂಚಿಸಿದ ಜೋಸೆಫ್ ವಿಟ್ವರ್ತ್, ಉಗಿ ಸುತ್ತಿಗೆಯ ಜೇಮ್ಸ್ ನಾಸ್ಮಿತ್. ಈ ನಾಸ್ಮಿತ್ 1829ರಲ್ಲಿ ಎಡಿನ್‌ಬರೋದಿಂದ ಬಂದಾಗ ತಾನೇ ಮಾಡಿದ ಪುಟ್ಟ ಉಗಿ ಎಂಜಿನ್ ಮಾದರಿಯನ್ನ ಜೊತೆಗೆ ತಂದಿದ್ದ. ಮಾಡ್ಸ್ಲಿಗೆ ಅಷ್ಟು ಸಾಕಾಯಿತು. ವಾರಕ್ಕೆ 10 ಶಿಲಿಂಗಿಗೆ ತನ್ನ ಖಾಸಗಿ ಕೋಣೆಯಲ್ಲೇ ಸಹಾಯಕನಾಗಿ ಇಟ್ಟುಕೊಂಡ. ನಲವತ್ತು ವರ್ಷದ ಹಿಂದೆ ಕೋಟು ಬಿಚ್ಚಿ ನಿಂತಿದ್ದ ಹುಡುಗ ಅವನಿಗೆ ನೆನಪಾಗಿರಬೇಕು.

1831ರ ಆರಂಭದಲ್ಲಿ ಫ್ರಾನ್ಸಿನಲ್ಲಿದ್ದ ಗೆಳೆಯನನ್ನ ನೋಡಿಕೊಂಡು ಹಡಗಿನಲ್ಲಿ ವಾಪಸ್ ಬರುವಾಗ ಚಳಿ ಹತ್ತಿ ಹಾಸಿಗೆ ಹಿಡಿದ. ನಾಲ್ಕು ವಾರ ನರಳಿ ಫೆಬ್ರವರಿ 14ರಂದು ತೀರಿಕೊಂಡ, ಅರವತ್ತು ತುಂಬಿರಲಿಲ್ಲ. ಹುಟ್ಟಿದ ವುಲಿಚ್‌ನ ಚರ್ಚಿನಲ್ಲೇ ಮಣ್ಣು ಮಾಡಿದರು, ಗೋರಿ ಕಲ್ಲಿನದಲ್ಲ, ಎರಕದ ಕಬ್ಬಿಣದ್ದು. ಪೋರ್ಟ್ಸ್‌ಮತ್‌ನಲ್ಲಿ ಅವನ ಯಂತ್ರಗಳಿಂದ ರಾಟೆ ಮಾಡುವುದು ನಿಂತಿದ್ದು 1960ರ ದಶಕದಲ್ಲಿ. ಅವುಗಳಲ್ಲಿ ಕೆಲವು ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿವೆ.

ನಮ್ಮ ಕ ಅಕ್ಷರ ಈಗ ಕ್ಲಬ್ ರೂಮಿನ ಬಾಗಿಲ ಪಕ್ಕ ಒರಗಿ ನಿಂತಿದೆ. ಎಡಗಡೆ ಕೆಳಗೆ ವೈಸ್‌ನ ಹಲ್ಲಿನ ಅಚ್ಚು ಹಾಗೇ ಇದೆ, ಉಜ್ಜಿ ತೆಗೆಯಲಿಲ್ಲ.